ಹಗ್ಗದಾಚೆಯ ತೊಟ್ಟಿಲು

ಎಂಬತ್ತರ ದಶಕದಲ್ಲಿ ಜೇವರ್ಗಿಯ ಹೆದ್ದಾರಿ ಪಕ್ಕ ಎರಡು ಕೋಣೆಗಳ ಒಂದು ಮ್ಯೂಸಿಯಂ ಇತ್ತು. ಮುಂದಿನ ಕೋಣೆಯಲ್ಲಿ ಪ್ರವಾಸಿಗರಿಗೆ ನಕಾಶೆ, ಬೆಂಚು, ಕುಡಿಯುವ ನೀರು. ಹಿಂದಿನದರಲ್ಲಿ ಸುತ್ತಲ ಹಳ್ಳಿಗಳ ಹಳೇ ಸಾಮಾನು. ನಮ್ಮ ಯಜಮಾನರು ಅದರ ಮೇಲ್ವಿಚಾರಕರು. ಆ ಸಾಮಾನುಗಳ ಪಕ್ಕ ಇಡುವ ಚೀಟಿಗಳನ್ನು ಬರೆದದ್ದು ನಾನು. ಕಾನ್ವೆಂಟಿನಲ್ಲಿ ತಿದ್ದಿದ ದುಂಡಕ್ಷರದಲ್ಲಿ ‘ಮುಟ್ಟಬಾರದು’ ಎಂದು ಎಷ್ಟೋ ಸಲ ಬರೆದಿದ್ದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗ ಇಜೇರಿ ಹಳ್ಳಿಯ ಅಜ್ಜಿಯೊಬ್ಬರು ಯಜಮಾನರ ಮುಂದೆ ನಿಂತಿದ್ದರು. ಪಕ್ಕದಲ್ಲಿ ಕೂಸನ್ನೆತ್ತಿಕೊಂಡ ಸೊಸೆ. ಅಜ್ಜಿಯ ಮಗಳ ಕೈಯಲ್ಲಿ ಕೂಸಿನ ಟೊಪ್ಪಿಗೆಯಾದ ಕುಂಚಿಗೆಯನ್ನು ತೊಡಿಸಿದ ಗುಂಡುಕಲ್ಲು. ಹೆಸರಿಡುವ ದಿನ ಕೂಸಿಗಿಂತ ಮೊದಲು ಕಲ್ಲನ್ನು ತೊಟ್ಟಿಲಿಗೆ ಹಾಕುವುದು ಅವರ ಮನೆಯ ಪದ್ಧತಿ.

ಒಳಗಿದ್ದ ಸಾಗವಾನಿ ತೊಟ್ಟಿಲು ಅವರದೇ. ಅಜ್ಜಿಯ ಗಂಡ ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟಿದ್ದರು. ಆಮೇಲೆ ಹುಟ್ಟಿದ ಸೊಸೆಯ ಮೊದಲ ಕೂಸು ಸೀರೆಯ ಜೋಲಿಯಲ್ಲೇ ಮಲಗಿ, ತಿಂಗಳು ತುಂಬುವುದರೊಳಗೆ ತೀರಿಕೊಂಡಿತ್ತು.

“ಸಂಜಿಗೆ ತಂದಿಡ್ತೇವ್ರಿ ಸಾಹೇಬ್ರ. ಒಂದ್ ಹೊತ್ತಿಗಷ್ಟೇ.”

“ಒಯ್ಯಾಕ ಬರಂಗಿಲ್ಲಬೇ ಯವ್ವಾ. ಸರ್ಕಾರದ ಸಾಮಾನ ಅದು.”

“ಸರ್ಕಾರ ಏನ್ ಹಡಿಯೂದೈತೇನ್ರಿ? ಅದಕ್ಯಾಕ ತೊಟ್ಲ?”

ಬೆಂಚಿನ ಮೇಲಿದ್ದ ಪ್ರವಾಸಿಯೊಬ್ಬ ನಕ್ಕ. ಯಜಮಾನರು ನಗಲಿಲ್ಲ. ಗುಲ್ಬರ್ಗಾದಿಂದ ಅವರ ಮೇಲಧಿಕಾರಿ ಬರುವವರಿದ್ದರು. ಕಣ್ಣು ರಸ್ತೆಯ ಮೇಲೇ ಇತ್ತು. ಸೊಸೆ ಕೂಸಿನ ಪಾದವನ್ನು ಮುಷ್ಟಿಯಲ್ಲಿ ಹಿಡಿಯುವಳು, ಬಿಡುವಳು, ಮತ್ತೆ ಹಿಡಿಯುವಳು. ಅದನ್ನು ಯಜಮಾನರೂ ನೋಡಿರಬೇಕು.

“ಇಲ್ಲೇ ಹಾಕ್ರಿ. ಲಗೂ ಮುಗಸ್ರಿ,” ಎಂದರು.

ಆ ತೊಟ್ಟಿಲು ತನ್ನ ಚೌಕಟ್ಟಿಗೆ ನಾಲ್ಕು ಸರಪಳಿಗಳಿಂದ ತೂಗುತ್ತಿತ್ತು. ಒಂದರ ಕೊಂಡಿ ಮುರಿದು, ಅಲ್ಲಿ ತೆಳುವಾದ ತಂತಿ ಸುತ್ತಿದ್ದನ್ನು ಧೂಳು ಒರೆಸುವಾಗ ನೋಡಿದ್ದೆ. ನೋಡುವವರಿಗೆಂದು ತೂಗುಹಾಕಿದ್ದು, ಭಾರ ಹೊರಲಿಕ್ಕಲ್ಲ. ಹೇಳಲೇಬೇಕಿತ್ತು. ಆದರೆ ಒಂದು ಕೂಸನ್ನು ಕಳೆದುಕೊಂಡವಳ ಮುಂದೆ, ಅದೂ ಹೆಸರಿಡುವ ಹೊತ್ತಿನಲ್ಲಿ, ತೊಟ್ಟಿಲು ಮುರಿದಿದೆ ಎಂದು ಯಾವ ಬಾಯಿಂದ ಹೇಳುವುದು?

ಎಲ್ಲರೂ ಹಿಂದಿನ ಕೋಣೆಗೆ ಹೋದೆವು. ಅಜ್ಜಿ ತೊಟ್ಟಿಲ ಸುತ್ತ ಕಟ್ಟಿದ್ದ ಹಗ್ಗವನ್ನು ದಾಟಿದರು. ನಾನೂ ದಾಟಿ, ತಳಕ್ಕೆ ಎರಡೂ ಅಂಗೈ ಕೊಟ್ಟು ಕೂತೆ. ಕಲ್ಲು ಒಳಗಿಳಿಯಿತು. ತಂತಿಯ ಒಂದು ಸುತ್ತು ಕಿರ್ರೆಂದು ಬಿಚ್ಚಿತು. ಭಾರ ನನ್ನ ಮಣಿಕಟ್ಟಿಗೆ ಬಂತು.

“ಅಕ್ಕಾವ್ರ, ನೀವ್ಯಾಕ ಹಿಡದೀರಿ?” ಮಗಳು ಕೇಳಿದಳು.

ಅಜ್ಜಿ ನನ್ನ ಕೈ ನೋಡಿದರು, ಆಮೇಲೆ ಕೊಂಡಿ ನೋಡಿದರು. ಮುಖದಲ್ಲಿ ಏನೂ ಕಾಣಿಸಲಿಲ್ಲ.

“ಹಿಡೀಲಿ ಬಿಡು. ಮುತ್ತೈದಿ ಕೈ ಹತ್ತಿದ್ರ ಚಲೋನೇ.” ಕಲ್ಲನ್ನು ಎತ್ತಿ ಮಗಳಿಗೆ ಕೊಟ್ಟು, ಯಜಮಾನರ ಕಡೆ ತಿರುಗಿದರು. “ಸಾಹೇಬ್ರ, ಈ ಹಗ್ಗ ಬಿಚ್ಚಿಕೊಡ್ರಿ. ಕಾಲಿಗೆ ತೊಡರಾಕತ್ತೈತಿ.”

ಅವರು ಬಿಚ್ಚಿಕೊಟ್ಟರು. ಅಜ್ಜಿ ಅದನ್ನು ತೊಟ್ಟಿಲಿನ ತಳಕ್ಕೆ ಸುತ್ತಿ, ಚೌಕಟ್ಟಿನ ಅಡ್ಡಗೋಲಿಗೆ ಬಿಗಿದು, ತಾವೇ ಜೋತುಬಿದ್ದು ಜಗ್ಗಿ ನೋಡಿದರು. ಇದೂ ಶಾಸ್ತ್ರವೇ ಎಂದುಕೊಂಡಳೋ ಏನೋ, ಸೊಸೆ ಹಗ್ಗಕ್ಕೆ ಕುಂಕುಮ ಹಚ್ಚಿದಳು.

ಕೂಸನ್ನು ಮಲಗಿಸಿದರು. ನಾನು ಕೈ ತೆಗೆಯಲಿಲ್ಲ. ಸೋದರತ್ತೆಯಾದ ಮಗಳು ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಹೊರಗೆ ಜೀಪು ನಿಂತ ಸದ್ದಾಯಿತು. ಯಜಮಾನರು ನೆಟ್ಟಗೆ ಹೋಗಿ ಬಾಗಿಲಿಗೆ ಅಡ್ಡ ನಿಂತರು.

“ಸ್ವಲ್ಪ ತಡೀರಿ ಸರ್. ಒಳಗ ಬಾಣಂತಿ ಅದಾಳ.”

ಮೇಲಧಿಕಾರಿಯ ಎದುರು ಅವರ ದನಿ ಯಾವಾಗಲೂ ಗಂಟಲಲ್ಲೇ ಉಳಿಯುತ್ತಿತ್ತು. ಅಂದು ಹಿಂದಿನ ಕೋಣೆಯವರೆಗೂ ಕೇಳಿಸಿತು.