ಎರಡು ಕಾಮಾ ನಡುವಿನ ಖಾಲಿ ಜಾಗ

ಒರುರೊ ಊರಿನ ನಮ್ಮ ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಯಾರ ಸರದಿ ಎಂದು ಹೇಳುವುದು ನಿಲ್ದಾ ಕುತೀಪಾ ಕುತೀಪಾ ಸಿ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್. ಮೂರು ವರ್ಷದಿಂದ ಅದನ್ನು ಬೇರೆಯವರಿಗೆ ಮುಟ್ಟಲು ಬಿಟ್ಟವಳಲ್ಲ. ಹೊಸ ಭಾಷೆ ಕಲಿ ಎಂದು ನಾನಂದರೆ, ಹಳೆಯದು ನಿನ್ನ ಹತ್ತಿರ ಊಟ ಕೇಳಿತೇ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಹಾ ಹಟಮಾರಿ. ಆದರೂ ನನಗೆ ಅವಳೆಂದರೆ ಪ್ರಾಣ.

ಪ್ರತಿ ರೋಗಿಗೂ ನಾನು ಒಂದು ಸಾಲು ಟೈಪ್ ಮಾಡುತ್ತಿದ್ದೆ: ಹೆಸರು, ಅಪ್ಪನ ಮನೆತನ, ಅಮ್ಮನ ಮನೆತನ, ಊರು, ಸರದಿಯ ದಿನ. ನಮ್ಮಲ್ಲಿ ಹೆಸರಿನ ಜೊತೆ ಅಪ್ಪನದು, ಅಮ್ಮನದು ಎಂದು ಎರಡೂ ಮನೆತನ ಬರೆಯುವುದು ರೂಢಿ. ಆ ಸಾಲನ್ನು ಕಾಮಾ ಇದ್ದಲ್ಲೆಲ್ಲ ತುಂಡರಿಸುವ ಕೆಲಸ ಸಿ ಭಾಷೆಯ ಜೊತೆಗೇ ಬರುವ ಸ್ಟ್ರ್‌ಟಾಕ್ ಎಂಬ ಸಿದ್ಧ ಫಂಕ್ಷನ್‌ನದು.

ಒಂದು ಬೆಳಿಗ್ಗೆ, ಉಣ್ಣೆ ಹೆಣೆಯುವ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಮುದುಕಿ ಫೆಲಿಪಾ ಯುಹ್ರಾ ಗೋಡೆ ಸವರಿಕೊಂಡು ಬಂದರು. ಬಲಗಣ್ಣು ಹೋಗಿತ್ತು, ಎಡಗಣ್ಣೂ ಮಬ್ಬಾಗುತ್ತಿತ್ತು. ಹೆಸರು ಬರೆಸಿ ಹದಿನಾಲ್ಕು ತಿಂಗಳಾದರೂ ಕರೆ ಬಂದಿಲ್ಲ ಎಂದರು. ನಾನು ಟೈಪ್ ಮಾಡಿದ್ದ ಸಾಲಿನಲ್ಲಿ ದಿನ ಇತ್ತು, ಪ್ರೋಗ್ರಾಮ್ ಕೊಟ್ಟ ಪಟ್ಟಿಯಲ್ಲಿ ಇರಲಿಲ್ಲ.

ತನ್ನ ಪ್ರೋಗ್ರಾಮ್‌ನಲ್ಲಿ ತಪ್ಪಿಲ್ಲ ಎಂದು ನಿಲ್ದಾ ಸಿಡುಕಿದಳು. ಯಾವಾಗಿನಂತೆ ತನ್ನ ಹೆಸರನ್ನೇ ಹಾಕಿ ಪರೀಕ್ಷಿಸಿದಳು. ಎಲ್ಲ ಸರಿಯಾಗಿ ಬಂತು. ಆಮೇಲೆ ಫೆಲಿಪಾ ಅವರ ಸಾಲು ತೆರೆದಳು. ಅಪ್ಪನ ಜಾಗ ಖಾಲಿ, ಹಾಗಾಗಿ ಎರಡು ಕಾಮಾ ಅಕ್ಕಪಕ್ಕ. ಸ್ಟ್ರ್‌ಟಾಕ್ ಎರಡನ್ನೂ ಒಂದೇ ಎಂದುಕೊಂಡು ಮುಂದೆ ಹೋಗಿತ್ತು. ಅಮ್ಮನ ಮನೆತನ ಅಪ್ಪನ ಜಾಗಕ್ಕೆ ಸರಿದಿತ್ತು, ದಿನ ಊರಿನ ಜಾಗಕ್ಕೆ ಬಂದಿತ್ತು. ಅಪ್ಪ ಹೆಸರು ಕೊಡದ ಹನ್ನೊಂದು ಜನರಲ್ಲಿ ಒಬ್ಬರನ್ನೂ ನಾವು ಕರೆದಿರಲಿಲ್ಲ.

ನಿಲ್ದಾಳ ಮುಖ ಸಣ್ಣದಾಯಿತು. ಅವಳಿಗೂ ಅಪ್ಪ ಹೆಸರು ಕೊಟ್ಟವನಲ್ಲ. ಶಾಲೆಯಲ್ಲಿ ಹಂಗಿಸುತ್ತಾರೆಂದು ಅಮ್ಮನ ಮನೆತನವನ್ನೇ ಎರಡು ಸಲ ಬರೆಯತೊಡಗಿದವಳು, ಅದನ್ನು ಬಿಟ್ಟಿರಲೇ ಇಲ್ಲ. ತನ್ನ ಖಾಲಿ ಜಾಗ ಮುಚ್ಚಿಟ್ಟಿದ್ದರಿಂದ ತಪ್ಪು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಅವಳು ಹೋಗಿ ಮುದುಕಿಯ ಪಕ್ಕದಲ್ಲಿ ಕೂತಳು. "ಅಮ್ಮಾ, ತಪ್ಪು ನಂದು. ನಿಮ್ಮಪ್ಪನ ಜಾಗ ಖಾಲಿ ಇತ್ತಲ್ಲ, ಅದನ್ನ ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ."

"ಖಾಲಿ ಇದ್ರೆ ಖಾಲಿ ಅಂತಾನೇ ಇಟ್ಕೋ ಮಗಳೇ," ಎಂದರು ಫೆಲಿಪಾ. "ಬಿಟ್ಟು ಹೋದವನು ಅವನು. ನಾಚ್ಕೆ ನಂಗ್ಯಾಕೆ?"

ನಿಲ್ದಾ ಸ್ಟ್ರ್‌ಟಾಕ್ ಕಿತ್ತುಹಾಕಿ, ಒಂದೊಂದು ಕಾಮಾವನ್ನೂ ಬೇರೆಬೇರೆಯಾಗಿ ಎಣಿಸುವ ತನ್ನದೇ ಫಂಕ್ಷನ್ ಬರೆದಳು. ಹನ್ನೊಂದೂ ಮನೆಗೆ ತಾನೇ ಹೇಳಿಕಳಿಸಿದಳು. ಆ ಗುರುವಾರವೇ ಫೆಲಿಪಾ ಅವರ ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು.

ತಿಂಗಳ ಮೇಲೆ ಅವರು ಗೋಡೆ ಮುಟ್ಟದೆ ನಡೆದು ಬಂದರು. ನಿಲ್ದಾಳ ಮೇಜಿನ ಮೇಲಿನ ಹೊಸ ಹೆಸರಿನ ಫಲಕವನ್ನು ಬಾಗಿ ನೋಡಿ, ನಿಧಾನವಾಗಿ ಓದಿದರು. ಅದರಲ್ಲಿ ಕುತೀಪಾ ಒಂದೇ ಸಲ ಇತ್ತು.