ಸಿದ್ದಮ್ಮನ ಹೆಸರಿನ ಜಾಗದಲ್ಲಿ

ಮಾಡದಕೆರೆಯ ಸಿದ್ದಮ್ಮನ ಹೆಸರು ಬರೆಯಬೇಕಾದ ಜಾಗದಲ್ಲಿ ನಾನು ಬೇರೆಯವರ ಹೆಸರು ಬರೆದೆ. ಮರೆತಲ್ಲ, ತಿಳಿಯದೆಯೂ ಅಲ್ಲ — ಬೇಕೆಂದೇ ಬರೆದೆ.

ಎಪ್ಪತ್ತರ ದಶಕದ ಮಾತು. ಹೊಸ ಉಪಾಯಗಳು ಯಾರ ತಲೆಯಲ್ಲಿ ಹುಟ್ಟುತ್ತವೆ, ಊರಿಂದೂರಿಗೆ ಹೇಗೆ ಹರಡುತ್ತವೆ, ಅದರಿಂದ ಯಾರ ಬದುಕು ಸುಧಾರಿಸುತ್ತದೆ — ಇದೇ ನಿಜವಾದ ಅರ್ಥಶಾಸ್ತ್ರವೆಂದು ನಂಬಿದ್ದ ಪ್ರೊಫೆಸರರೊಬ್ಬರ ಕೈಕೆಳಗೆ ನಾನು ಹೊಸದುರ್ಗದ ಕಡೆ ಹಳ್ಳಿ ಸುತ್ತಿ, ಯಾವ ಉಪಾಯ ಮೊದಲು ಯಾರದೆಂದು ಕೇಳಿ ಫಾರಂ ತುಂಬುತ್ತಿದ್ದೆ. ನಮ್ಮಲ್ಲಿ ಆಗ ಆ ವಿಷಯ ಹಿಡಿದು ಕೂತವರು ಅವರೊಬ್ಬರೇ.

ಸಿದ್ದಮ್ಮ ಪಟೇಲರ ಹೊಲದಲ್ಲಿ ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ರಾಗಿ ಬಿಡುವವಳು. ಕೈ ಪಳಗದವರು ಬಿಟ್ಟರೆ ಒಂದು ಸಾಲು ದಟ್ಟ, ಇನ್ನೊಂದು ಬೋಳು. ಅವಳು ತೂತು ಕೊರೆದ ತೆಂಗಿನ ಕರಟವನ್ನು ಬಟ್ಟಲ ಮೇಲೆ ಕೂರಿಸಿದ್ದಳು. ಯಾರು ಬಿಟ್ಟರೂ ಕಾಳು ಸಮನಾಗಿ ಇಳಿಯುತ್ತಿತ್ತು. ಸುತ್ತಲ ಊರಿನವರೂ ನೋಡಿ ಕಲಿತಿದ್ದರು. ಎಲ್ಲ ಬಿಡಿಸಿ ತೋರಿಸಿದ ಮೇಲೆ ಕೇಳಿದಳು: "ನನ್ ಹೆಸ್ರು ಬರ್ಕಂಡ್ರಾ ಸ್ವಾಮಿ?"

"ಬರ್ಕೊಂಡೆ" ಎಂದೆ.

ಬರೆದಿರಲಿಲ್ಲ. ನಮ್ಮಂಥವರಿಗೆ ಊಟ ಪಟೇಲರ ಮನೆಯಲ್ಲಿ. ಫಾರಂ ತುಂಬುವುದೂ ಅವರ ಜಗಲಿಯಲ್ಲೇ. ಹೊಲ ನಮ್ಮದು, ಕೂರಿಗೆ ನಮ್ಮದು, ಆಳೂ ನಮ್ಮದೇ ಅಲ್ಲವೇ ಎಂದರು ಪಟೇಲರು. ಅವರ ಹೆಸರನ್ನೇ ಬರೆದೆ. ಅವರ ಮನೆಯ ಅನ್ನ ಉಂಡು ಇಲ್ಲವೆನ್ನುವ ಬಾಯಿ ನನಗೆ — ಇಲ್ಲ, ಇದೂ ನೆಪವೇ. ಕೂಲಿ ಹೆಂಗಸಿನ ಹೆಸರು ಬರೆದರೆ ಓದಿದವರು ನಕ್ಕಾರು ಎಂದು ನನಗೇ ಅನಿಸಿತ್ತು.

ಫಾರಂ ನೋಡಿ ಪ್ರೊಫೆಸರರು ನನ್ನನ್ನು ಕರೆಸಿದರು. "ಪಟೇಲರು ಕೂರಿಗೆ ಹಿಂದೆ ನಡೆದವರಲ್ಲವಲ್ಲ. ನೀವೇ ವಿಚಾರಿಸಿದಿರಾ?"

"ಹೌದು ಸರ್."

ನಂಬಿದರು. ಹೊಸತೆಂಬುದು ಜಮೀನುಳ್ಳವರ ಮನೆಯಲ್ಲಿ ಹುಟ್ಟಿ ಕೂಲಿಯವರಿಗೆ ಇಳಿದುಬರುತ್ತದೆಂದು ಅವರು ಕನ್ನಡದಲ್ಲೇ ಬರೆದ ಪುಸ್ತಕ ಹೇಳಿತು. ಅದಕ್ಕೆ ಮಾಡದಕೆರೆಯ ಪಟೇಲರೇ ಸಾಕ್ಷಿ. ಇಂದಿಗೂ ಅದನ್ನು ಪಾಠ ಮಾಡುತ್ತಾರೆ. ಪ್ರೊಫೆಸರರು ತೀರಿಕೊಂಡ ಮೇಲೆ, ಅವರ ಶಿಷ್ಯನೆಂದು ಸಭೆಗಳಲ್ಲಿ ನನಗೆ ಹಾರ ಹಾಕಿದ್ದಾರೆ. ನಾಚಿಕೆಯಿಲ್ಲದೆ ಕೊರಳೊಡ್ಡಿದ್ದೇನೆ.

ಈಚೆಗೆ ಅವರ ನೆನಪಿನ ಸಂಪುಟಕ್ಕೆ ಲೇಖನ ಕೇಳಿದರು. ಬರೆಯಲು ಕೂತರೆ ಕೈ ಓಡಲಿಲ್ಲ. ಅವರ ಹೆಸರಿನಲ್ಲಿ ಬಾಳುತ್ತಿರುವುದು ನನ್ನ ಸುಳ್ಳು — ಅದನ್ನು ಹೊಗಳಿ ಏನೆಂದು ಬರೆಯಲಿ? ಮೊದಲು ಸಿದ್ದಮ್ಮನಿಗೆ ಹೇಳಬೇಕೆಂದು ಮಾಡದಕೆರೆಗೆ ಹೋದೆ. ಅವಳು ತೀರಿಹೋಗಿ ಬಹಳ ವರ್ಷವಾಗಿತ್ತು. ಮಗಳು ಕೂರಿಸಿ ನೀರು ಕೊಟ್ಟಳು. ನಾನು ಯಾರೆಂದು ತಿಳಿದದ್ದೇ ಅವಳ ಮುಖ ಅರಳಿತು, ನನಗೆ ನೋಡಲಾಗಲಿಲ್ಲ.

"ಪುಸ್ತಕ್ದಾಗೆ ನನ್ ಹೆಸ್ರೈತೆ ಅಂತ ಅವ್ವ ಸಾಯೋತನ್ಕ ಹೇಳ್ತಿದ್ಲು. ಯಾವ ಪುಟ್ದಾಗೈತೆ, ತೋರಿಸ್ರಿ."

ಪುಸ್ತಕ ನನ್ನ ಚೀಲದಲ್ಲೇ ಇತ್ತು. ಪಟೇಲರ ಹೆಸರಿರುವ ಪುಟ ತೆರೆದು ಅವಳ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುತ್ತಿತ್ತು.