ಹಿಂದೆ ಲಂಗ, ಮುಂದೆ ಏಪ್ರನ್

ನಮ್ಮ ಮೊರಾವಿಯಾದ ಹಳ್ಳಿಯ ಅಪೊಲೆನಾಗೆ ಐವತ್ತೆಂಟು ವರ್ಷ. ಏಪ್ರನ್ ಇಲ್ಲದೆ ಅವಳನ್ನು ಕಂಡವರು ಇಬ್ಬರೇ: ಹೆರಿಗೆ ಮಾಡಿಸಿದ ಸೂಲಗಿತ್ತಿ, ತೀರಿಹೋದ ಗಂಡ.

ಅಜ್ಜಿಯ ಕಾಲದಲ್ಲಿ ಏಪ್ರನ್ ಬಿಳಿಯ ನಾರುಬಟ್ಟೆಯದು, ಅವ್ವನ ಕಾಲಕ್ಕೆ ನೀಲಿ ಅಚ್ಚಿನದಾಯಿತು. ಬದಲಾಗದ್ದು ಒಂದೇ. ನಮ್ಮ ಹೆಂಗಸರ ನೆರಿಗೆಲಂಗ ಸೊಂಟದ ಹಿಂಭಾಗವನ್ನಷ್ಟೇ ಸುತ್ತುತ್ತದೆ. ಮುಂದಿನ ಮಾನ ಕಾಯುವುದು ಏಪ್ರನ್ನೇ. ನಮ್ಮೂರ ಕೋಳಿಗಳಿಗೂ ಗೊತ್ತಿರುವ ಈ ಸಂಗತಿ ನಮ್ಮನ್ನಾಳುವ ಚಕ್ರವರ್ತಿಗಳ ಕೋರ್ಟಿಗೆ ಗೊತ್ತಿರಲಿಲ್ಲ.

ಈ ಮಾರ್ಚಿನಲ್ಲಿ ಗಿರಣಿಯವನ ಎರಡು ಬಾತು ಕಾಣೆಯಾದವು. ಬಡವನ ಮೇಲಲ್ಲದೆ ಇನ್ಯಾರ ಮೇಲೆ ಗುಮಾನಿ? ಗಾಡಿ ಹೊಡೆಯುವ ತೊಮೇಶ್ ಕಳ್ಳನಾದ. ಅವು ಬೇಲಿ ನುಸುಳಿ ತಾವೇ ಹೊಳೆಗಿಳಿದದ್ದನ್ನು ಕಂಡವಳು ಅಪೊಲೆನಾ ಒಬ್ಬಳೇ. ಅವಳು ಸಾಕ್ಷಿ ಹೇಳದಿದ್ದರೆ ತೊಮೇಶನಿಗೆ ಮೂರು ತಿಂಗಳ ಜೈಲು.

ಕೋರ್ಟಿನ ಬಾಗಿಲಲ್ಲೇ ಜವಾನ ಅಡ್ಡಗಟ್ಟಿದ. "ಏನಮ್ಮ, ಇದೇನು ಅಡುಗೆಮನೆಯಾ? ಏಪ್ರನ್ ಬಿಚ್ಚಿಟ್ಟು ಒಳಗ್ ನಡಿ."

"ಬಿಚ್ಚೋದಾ? ನನ್ ಗಂಡ ಕೂಡ ಮದುವೆ ಆಗೋವರ್ಗೂ ಕಾದಿದ್ನಪ್ಪ!"

ಗಲಾಟೆ ಕೇಳಿ ನ್ಯಾಯಾಧೀಶರು ಅವಳನ್ನು ಕಟಕಟೆಗೇ ಕರೆಸಿದರು. "ಕೋರ್ಟಿನಲ್ಲಿ ಏಪ್ರನ್ ಕೂಡದು. ಬಿಚ್ಚದೆ ಸಾಕ್ಷಿ ಇಲ್ಲ."

ಹೇಳಿದವರ ಮೈಮೇಲೆ ಗಂಟಲಿನಿಂದ ಪಾದದವರೆಗೆ ಇಳಿಬಿದ್ದ ಕರಿಯ ಬಟ್ಟೆ! ದೊಡ್ಡವರು ತೊಟ್ಟರೆ ನಿಲುವಂಗಿ, ದುಡಿಯುವವಳು ಕಟ್ಟಿದರೆ ಕೊಳಕು. ಯಾರು ಬರೆದರೋ ಈ ನಿಘಂಟು!

ಅಪೊಲೆನಾ ತೊಮೇಶನ ಮುಖ ನೋಡಿದಳು. ಅವನು ಬಿಳಿಚಿಕೊಂಡಿದ್ದ.

"ಆಗ್ಲಿ ಬುದ್ಧೀ, ಕಾನೂನು ಬಿಚ್ಚು ಅಂದ್ರೆ ಬಿಚ್ತೀನಿ. ಆದ್ರೆ ನನ್ ಲಂಗ ಹಿಂದ್ಗಡೆ ಮಾತ್ರ ಐತೆ. ಮುಂದ್ಗಡೆ ಏನ್ ಕಾಣಿಸ್ತದೋ ಅದನ್ನೂ ಬರ್ಕೊಳ್ಳೋಕೆ ಹೇಳ್ಬಿಡಿ," ಎನ್ನುತ್ತಾ ದಾರದ ಗಂಟಿಗೆ ಕೈ ಹಾಕಿದಳು.

ಗುಮಾಸ್ತನ ಪೆನ್ನು ಬಿತ್ತು. ವಿಚಾರಣೆ ನೋಡಲು ಬಂದಿದ್ದ ನಮ್ಮೂರ ಪಾದ್ರಿಗಳು ಕಣ್ಣು ಮುಚ್ಚಿಕೊಂಡರು, ಬೆರಳು ಸ್ವಲ್ಪ ಅಗಲಿಸಿಯೇ. ಹಿಂದಿನ ಬೆಂಚಿಂದ ಯಾರೋ, "ತಡೀಬೇಡಿ ಸ್ವಾಮೀ, ಕಾನೂನು ಕಾನೂನೇ!" ಎಂದು ಕೂಗಿದ.

ನ್ಯಾಯಾಧೀಶರು ಎದ್ದೇ ನಿಂತರು. "ಬೇಡ! ಕಟ್ಟು! ಇನ್ನೊಂದ್ ಗಂಟು ಹಾಕು!"

ಎರಡು ಗಂಟು ಹಾಕಿ ಅಪೊಲೆನಾ ಕಂಡದ್ದೆಲ್ಲ ಹೇಳಿದಳು: ಬೇಲಿಯ ಕಿಂಡಿ, ಬಾತುಗಳ ಸವಾರಿ, ಹೊಳೆಯ ತಿರುವು. ಕಿಂಡಿ ಇರುವುದು ನಿಜವೇ ಎಂದು ನ್ಯಾಯಾಧೀಶರು ಕೇಳಿದಾಗ ಗಿರಣಿಯವನು ಗೋಣು ಹಾಕಲೇಬೇಕಾಯಿತು. ತೊಮೇಶ್ ಬಿಡುಗಡೆಯಾದ.

ಹೊರಗೆ ಬಂದವನೇ ಮಗುವಿನಂತೆ ಅಳುತ್ತಾ ಅವಳ ಏಪ್ರನ್ನಿನ ಅಂಚು ಹಿಡಿದು ಮೂಗು ಒರೆಸಿಕೊಳ್ಳಲು ಹೋದ. ಅವಳು ಅವನ ಕೈ ಮೇಲೆ ಪಟ್ಟನೆ ಒಂದೇಟು ಕೊಟ್ಟಳು.

"ಬಿಡೋ ಮುಂಡೇದೇ! ನ್ಯಾಯಾಧೀಶರಿಗೇ ಬಿಚ್ಚಿಸೋಕೆ ಆಗ್ಲಿಲ್ಲ, ನೀನ್ ಎಳೀತೀಯಾ?"